ಎರಡನೆಯ ಈಡು

ಮನುಷ್ಯ ಬರುವಾಗಲೂ ಒಬ್ಬನೇ, ಹೋಗುವಾಗಲೂ ಒಬ್ಬನೇ ಎಂದು ಬಲ್ಲವರು ಹೇಳುತ್ತಾರೆ. ಬಲ್ಲವರು ಸುಂಟಿಕೊಪ್ಪದಲ್ಲಿ ಬಸ್ಸಿಳಿದು ಒಳದಾರಿಯಲ್ಲಿ ಆರು ಮೈಲಿ ನಡೆದು ನಮ್ಮ ಊರಿಗೆ ಬಂದವರಲ್ಲ. ಬಂದಿದ್ದರೆ ಮಾತಿನ ಅರ್ಧವನ್ನಾದರೂ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು. ನಮ್ಮಲ್ಲಿ ಹೋಗುವವನು ಒಬ್ಬನೇ ಹೋಗಬೇಕೆಂದು ಎಷ್ಟೇ ಹಂಬಲಿಸಿದರೂ ಅದು ಕೈಗೂಡುತ್ತಿರಲಿಲ್ಲ. ಉಸಿರು ನಿಂತು ಮೈ ತಣ್ಣಗಾಗುವುದರೊಳಗೆ ಗೌಡರು ಅಂಗಳದಲ್ಲಿ ನಿಂತಿರುತ್ತಿದ್ದರು.

ಗೌಡರು ಎಂದಷ್ಟೇ ಬರೆಯುತ್ತೇನೆ. ಅವರ ಪೂರ್ತಿ ಹೆಸರನ್ನು ಬೆಳಗಿನ ಹೊತ್ತು ಊರಲ್ಲಿ ಯಾರೂ ಹೇಳುತ್ತಿರಲಿಲ್ಲ. ಆ ಅಭ್ಯಾಸ ನನಗೂ ಅಂಟಿ, ಅವರು ತೀರಿಕೊಂಡು ವರ್ಷ ಕಳೆದರೂ ಬಿಟ್ಟಿಲ್ಲ. ನಾನು ಬರೆಯುವುದು ಬೆಳಗಿನ ಹೊತ್ತೇ.

ಕೊಡಗು ತಾನೇ ಒಂದು ರಾಜ್ಯವಾಗಿದ್ದ ಕಾಲದಲ್ಲಿ, ಅಂದರೆ ಮಡಿಕೇರಿಯ ಮಂತ್ರಿಮಂಡಲ ಒಂದೇ ಕಾರಿನಲ್ಲಿ ಹಿಡಿಸುತ್ತಿದ್ದಾಗ, ನಾನು ಆ ಊರಿನ ಒಬ್ಬನೇ ಮೇಷ್ಟರಾಗಿ ಹೋದೆ. ನನ್ನ ಹಿರಿಯರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆ ನಿಂತವರು. ನಮ್ಮ ಮನೆಯಲ್ಲಿ ಕೋವಿ ಇರಲಿಲ್ಲ. ಹಾಗಾಗಿ ಕೋವಿಯ ಭಾಷೆ ಕಲಿಯಲು ನನಗೆ ಸ್ವಲ್ಪ ದಿನ ಹಿಡಿಯಿತು. ಭಾಷೆಯೇನೋ ಸರಳವೇ. ಗಂಡುಮಗು ಹುಟ್ಟಿದರೆ ಮನೆಯವರು ಅಂಗಳದಲ್ಲಿ ನಿಂತು ಆಕಾಶಕ್ಕೆ ಒಂದು ಈಡು ಹಾರಿಸುತ್ತಾರೆ. ಸಾವಾದರೆ ಒಂದರ ಬೆನ್ನಿಗೇ ಇನ್ನೊಂದು, ಎರಡು ಈಡು. ಹೆಣ್ಣು ಹುಟ್ಟಿದರೆ ಮದ್ದು ಖರ್ಚು ಮಾಡುವುದಿಲ್ಲ. ಗುಡ್ಡಕ್ಕೊಂದು ಮನೆ, ಗದ್ದೆಯ ತಲೆಗೊಂದು ಮನೆ ಇರುವ ನಾಡಿನಲ್ಲಿ ಇದಕ್ಕಿಂತ ಅಗ್ಗದ ಟಪಾಲು ಇಲ್ಲ. ಎರಡು ಕೇಳಿದವರು ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಹೊರಡಬೇಕು. ಒಂದು ಕೇಳಿದವರು ಕೆಲಸ ಮುಗಿಸಿ, ಬೆಲ್ಲ ಬಾಳೆಹಣ್ಣು ಹಿಡಿದುಕೊಂಡು ನಿಧಾನಕ್ಕೆ ಹೋದರೂ ಯಾರೂ ತಪ್ಪು ತಿಳಿಯುವುದಿಲ್ಲ. ಎರಡೇ ಅಕ್ಷರಗಳ ಈ ಭಾಷೆಯಲ್ಲಿ ಕಾಗುಣಿತ ತಪ್ಪಲು ಅವಕಾಶವಿಲ್ಲವೆಂದು ಮೇಷ್ಟರಾದ ನಾನು ನಂಬಿದ್ದೆ.

ಎರಡು ಈಡು ಕೇಳಿ ಹೊರಡುವವರು ನೂರಾರು ಜನ. ಎಲ್ಲರಿಗಿಂತ ಮೊದಲು ತಲುಪುವವರು ಗೌಡರು. ಅವರನ್ನು ಈ ಕೆಲಸಕ್ಕೆ ಯಾರೂ ನೇಮಿಸಿರಲಿಲ್ಲ, ಯಾರೂ ಕೇಳಿಕೊಂಡೂ ಇರಲಿಲ್ಲ. ಚಟ್ಟದ ಬಿದಿರು, ಹುರಿಯ ಸುರುಳಿ, ದೊಡ್ಡ ದೀಪ, ಗುದ್ದಲಿ, ಇಷ್ಟೂ ಸಾಮಾನು ಅವರ ಮನೆಯ ಹಿಂದಿನ ಸೂರಿನಡಿ ಸಿದ್ಧವಾಗಿರುತ್ತಿತ್ತು. ಸೌದೆ ಯಾರ ತೋಟದಿಂದ ಬರಬೇಕು, ದೂರದ ನೆಂಟರಿಗೆ ಯಾರನ್ನು ಓಡಿಸಬೇಕು, ಅಳುವವರಲ್ಲಿ ಯಾರಿಗೆ ಗಂಜಿ ಕೊಡದಿದ್ದರೆ ಬೀಳುತ್ತಾರೆ, ಎಲ್ಲ ಅವರ ತಲೆಯಲ್ಲಿ. ಎಸ್ಟೇಟಿನ ಕೂಲಿ ಲೈನುಗಳಲ್ಲಿ ತಮಿಳರ, ಮಲಯಾಳಿಗಳ ಮನೆಯಲ್ಲಿ ಸಾವಾದರೂ ಹೋಗುತ್ತಿದ್ದರು. ಐದು ಭಾಷೆಗಳಲ್ಲಿ ಅವರಿಗೆ ಸಮಾಧಾನದ ಒಂದೊಂದೇ ವಾಕ್ಯ ಬರುತ್ತಿತ್ತು. ಅದು ಮುಗಿದ ಮೇಲೆ ಸೌದೆ ಒಡೆಯುತ್ತಿದ್ದರು.

“ಮದುವೆಗೆ ಕರೀಬೇಕು ಮಾಷ್ಟ್ರೆ. ಸಾವಿಗೆ ಕರ್ಯೋ ಹಾಗಾದ್ರೆ ಊರಿಗೆ ಮಾನ ಇಲ್ಲೆ ಅಂತ ಅರ್ಥ,” ಎಂದು ನನಗೆ ಮೊದಲ ಭೇಟಿಯಲ್ಲೇ ಹೇಳಿದರು. ಹೇಳುವಾಗ ನನ್ನ ಮುಖ ನೋಡಲಿಲ್ಲ, ಹೆಗಲು ನೋಡಿದರು. ಇದೇನು ಸಂಕೋಚವೋ ಎಂದುಕೊಂಡೆ. ಆಮೇಲೆ ತಿಳಿಯಿತು: ಚಟ್ಟ ಹೊರುವವರು ಜೋಡಿ ಜೋಡಿಯಾಗಿ ಸಮ ಎತ್ತರದವರಿರಬೇಕು. ಊರಿನ ಗಂಡಸರನ್ನೆಲ್ಲ ಅವರು ಹೆಗಲಿನ ಲೆಕ್ಕದಲ್ಲಿ ಜೋಡಿ ಮಾಡಿಟ್ಟಿದ್ದರು. ನನ್ನ ಜೋಡಿ ಅಂಚೆಯವನು. ಅಂಚೆಯವನಿಗೂ ಇದು ಗೊತ್ತಿತ್ತು. ಕಾಗದ ಕೊಡುವಾಗ ನನ್ನನ್ನು ಒಂದು ತರಹ ನೆಂಟಸ್ತಿಕೆಯಿಂದ ನೋಡುತ್ತಿದ್ದ.

ಇಷ್ಟು ಉಪಕಾರಿಯಾದ ಮನುಷ್ಯನನ್ನು ಕಂಡರೆ ಊರು ಹೆದರುತ್ತಿತ್ತು. ಅವರು ಎತ್ತು ಕೇಳಲು ಬಂದರೂ ಮನೆಯ ಹೆಂಗಸರು ಮೊದಲು ಒಳಗೆ ಹೋಗಿ ಮುದುಕರನ್ನು ಎಣಿಸಿ ಬರುತ್ತಿದ್ದರು. ಕಾಯಿಲೆಯವರನ್ನು ನೋಡಲು ಹೋಗುವ ಹಾಗೇ ಇರಲಿಲ್ಲ. ಒಮ್ಮೆ ತಡೆಯಲಾರದೆ ಹಳೆಯ ಗೆಳೆಯನೊಬ್ಬನನ್ನು ನೋಡಲು ಹೋದರೆ, ಆತ ಹಾಸಿಗೆಯಿಂದಲೇ ಕೈಯಾಡಿಸಿ, “ಆಯುಸ್ಸು ಇನ್ನೂ ಸ್ವಲ್ಪ ಉಟ್ಟು ಮಾರಾಯ, ಆ ಮೇಲೆ ಬಾ,” ಎಂದನಂತೆ. ಅಂದಿನಿಂದ ಗೌಡರು ಬೇರೆ ಕೆಲಸಕ್ಕೆ ಯಾರ ಮನೆಗೆ ಹೋದರೂ ಅಂಗಳದ ದಾರಿಗೆ ಅಡ್ಡ ಹಾಕಿದ ಉಣುಗೋಲಿನ ಹತ್ತಿರವೇ ನಿಂತು, “ಸುಮ್ನೆ ಬಂದದ್ದ್!” ಎಂದು ಕೂಗಿ ಒಳಗೆ ಕಾಲಿಡುತ್ತಿದ್ದರು. ಜನ ನಕ್ಕು ಒಳಗೆ ಕರೆಯುತ್ತಿದ್ದರು. ಹೋದ ಮೇಲೆ ಅವರು ಕೂತಿದ್ದ ಜಾಗಕ್ಕೆ ನೀರು ಚಿಮುಕಿಸುತ್ತಿದ್ದರು. ಇದೂ ಅವರಿಗೆ ಗೊತ್ತಿತ್ತು.

ಇಂಥ ಮನುಷ್ಯ ಮನೆಯಲ್ಲಿ ಗಂಟುಮೋರೆಯವನಾಗಿರಬೇಕು ಎಂದು ಊಹಿಸುವವರಿಗೆ ನಿರಾಶೆ ಖಂಡಿತ. ಹೆಂಡತಿಗೆ ಬಾವಿಯಿಂದ ನೀರು ಸೇದಿಕೊಡುವ ಗಂಡಸು ಆ ಕಾಲಕ್ಕೆ ನಮ್ಮ ಊರಲ್ಲಿ ಅವರೊಬ್ಬರೇ; ಆ ಅಪಕೀರ್ತಿಯನ್ನು ಬಹಳ ಗಂಭೀರವಾಗಿ ಹೊತ್ತುಕೊಂಡಿದ್ದರು. ಹಿರಿಯಳು ಚಿನ್ನಮ್ಮ, ಅವಳ ಕೆಳಗೆ ಇಬ್ಬರು ಗಂಡುಮಕ್ಕಳು. ಮಗಳು ಚಿಕ್ಕವಳಿದ್ದಾಗ ಅವಳ ತಲೆ ಬಾಚುತ್ತಿದ್ದವರು ಗೌಡರೇ. ಚಟ್ಟದ ಹುರಿ ಬಿಗಿಯುವ ಬೆರಳುಗಳು ಜಡೆ ಹೆಣೆದರೆ ಅದು ಮೂರು ದಿನ ಬಿಚ್ಚುತ್ತಿರಲಿಲ್ಲ ಎಂದು ಅವರ ಹೆಂಡತಿ ನಗುತ್ತಾ ಹೇಳಿದ್ದುಂಟು. ನಾನು ನಗಲಿಲ್ಲ.

ಸುಡುಗಾಡಿನಿಂದ ಹಿಂತಿರುಗಿ, ತೋಡಿನಲ್ಲಿ ಮುಳುಗೆದ್ದು, ಒದ್ದೆ ಬಟ್ಟೆಯಲ್ಲಿ ಅಂಗಳಕ್ಕೆ ಬಂದವರು ಸೀದಾ ಒಳಗೆ ಹೋಗುತ್ತಿರಲಿಲ್ಲ. ಹೊರಗೆ ನಿಂತು ಮಕ್ಕಳ ಹೆಸರನ್ನು ಒಂದೊಂದಾಗಿ ಕೂಗುತ್ತಿದ್ದರು. ಒಬ್ಬೊಬ್ಬರೂ ಓಗೊಡಬೇಕು. ಕೊನೆಗೆ ಹೆಂಡತಿಯ ಸರದಿ. ಎಲ್ಲರ ದನಿಯೂ ಕೇಳಿದ ಮೇಲೆ ಹೊಸ್ತಿಲು ದಾಟುವುದು. ಹಾಜರಿ ಕರೆಯುವವನಾದ ನನಗೆ ಈ ಪದ್ಧತಿ ಬಹಳ ಹಿಡಿಸಿತ್ತು. ಚಿನ್ನಮ್ಮನ ಮದುವೆಯಾದ ಮೇಲೂ ಅವಳ ಹೆಸರನ್ನೇ ಮೊದಲು ಕೂಗುತ್ತಿದ್ದರು. ಕೂಗಿ ಸುಮ್ಮನೆ ನಿಲ್ಲುತ್ತಿದ್ದರು. ಒಳಗಿಂದ ಹೆಂಡತಿ, “ಅವ್ಳ್ ಅವ್ಳ ಮನೇಲಿ,” ಎನ್ನುವ ತನಕ ಎರಡನೆಯ ಹೆಸರು ಬರುತ್ತಿರಲಿಲ್ಲ.

ಚಿನ್ನಮ್ಮನನ್ನು ಕೊಟ್ಟದ್ದು ಎದುರಿನ ಗುಡ್ಡದ ಓರೆಗೆ. ನಡುವೆ ಗದ್ದೆಬಯಲು, ಒಂದು ಹೊಳೆ, ಕಾಫಿ ತೋಟ. ನಡೆದರೆ ಒಂದು ಗಂಟೆಗೂ ಮೀರಿದ ದಾರಿ. ಮದುವೆಯಾದ ಮರುವರ್ಷ ಅವಳು ಬಸುರಾದಳು. ಮೊದಲ ಹೆರಿಗೆ ತವರಿನಲ್ಲಾಗಬೇಕು. ಅದಕ್ಕೆ ಎರಡು ಮಾತಿಲ್ಲ. ಆದರೆ ಏಳನೆಯ ತಿಂಗಳಿನಲ್ಲಿ ಅವಳ ಅತ್ತೆ ತಾವೇ ನಡೆದು ಬಂದು ಎರಡನೆಯ ಮಾತು ಆಡಿದರು. ಆಕೆ ಕೆಟ್ಟವರಲ್ಲ. ಗಂಡ ಸತ್ತ ದಿನ ಇದೇ ಗೌಡರು ಬಂದು ಎಲ್ಲ ನಡೆಸಿಕೊಟ್ಟದ್ದನ್ನು ಕಣ್ಣೀರಿನಲ್ಲಿ ನೆನೆಸಿಕೊಂಡೇ ವಿಷಯಕ್ಕೆ ಬಂದರು. ಸೂರಿನಡಿ ಚಟ್ಟದ ಬಿದಿರು ಇರುವ ಮನೆಗೆ ತುಂಬಿದ ಬಸುರಿಯನ್ನು ಕಳಿಸಲು ಮನಸ್ಸು ಒಪ್ಪುವುದಿಲ್ಲ ಎಂದರು.

ಗೌಡರು ಅಂದೇ ಸಾಮಾನನ್ನೆಲ್ಲ ಹೊತ್ತು ತಂದು ನನ್ನ ಶಾಲೆಯ ಹಿಂದಿನ ಕೋಣೆಯಲ್ಲಿಟ್ಟರು. ಮುಂದಿನ ವಾರ ಇನ್ಸ್‌ಪೆಕ್ಟರು ಬಂದು, ಈ ಬಿದಿರು ಹುರಿ ಎಲ್ಲ ಏನೆಂದು ಕೇಳಿದರು. ಭೂಗೋಳದ ಪಾಠೋಪಕರಣ ಎಂದೆ. ಅವರು ಬರೆದುಕೊಂಡು ಹೋದರು.

ಸಾಮಾನು ಹೋದರೂ ಮನೆ ಅದೇ, ಮನುಷ್ಯ ಅವನೇ, ಎಂದು ಅತ್ತೆಯಿಂದ ಹೇಳಿಕೆ ಬಂತು. ಹೆರಿಗೆ ತಮ್ಮಲ್ಲೇ ಆಗಲಿ. ಆಗುವ ತನಕ ಬೀಗರು ಈ ಕಡೆ ಬರುವುದು ಬೇಡ. ಬೇರೆ ಸಾವಿನ ಮನೆಗೂ ಹೋಗದೆ ಇದ್ದರೆ ಇನ್ನೂ ಒಳ್ಳೆಯದು. ಮೂರನೆಯ ದಿನ ಅವರ ಹೆಂಡತಿ ನನ್ನೆದುರಿಗೇ, “ಇಷ್ಟು ವರ್ಷ ಊರಿಗೆ ಮಾಡಿ ಆತ್. ಎರಡು ತಿಂಗ್ಳು ಮಗ್ಳಿಗೆ ಮಾಡಿ,” ಎಂದರು. ಗೌಡರು ತಲೆಯಾಡಿಸಿದರು. ಅವರು ಮಾತು ಕೊಟ್ಟದ್ದು ಹೀಗೆ.

ಆ ಎರಡು ತಿಂಗಳಲ್ಲಿ ಊರಲ್ಲಿ ಎರಡು ಸಾವಾದವು. ಈಡು ಕೇಳಿದ ಕೂಡಲೇ ಗೌಡರು ಅಂಗಳಕ್ಕೆ ಬಂದು, ಕಣ್ಣುಮುಚ್ಚಿ, ಯಾವ ಮನೆ ಎಂದು ದನಿಯ ಮೇಲೆಯೇ ಹೇಳುತ್ತಿದ್ದರು. ಕಾಲು ತಾನಾಗಿ ಹೊರಡುತ್ತಿತ್ತು. ಹೆಂಡತಿ ಉಣುಗೋಲಿಗೆ ಅಡ್ಡ ನಿಲ್ಲುತ್ತಿದ್ದರು. ಸಾಮಾನು ಹೊತ್ತುಕೊಂಡು ನಾನು ಹೋಗುತ್ತಿದ್ದೆ. ಬೇರೆ ಯಾರಿಗೂ ಯಾವುದು ಎಲ್ಲಿ ಕಟ್ಟಬೇಕೆಂಬುದು ಗೊತ್ತಿರಲಿಲ್ಲ, ನನಗೂ ಇರಲಿಲ್ಲ. ಎರಡನೆಯ ಸಲ ಚಟ್ಟ ಒಂದು ಕಡೆಗೆ ವಾಲಿ, ತೋಡು ದಾಟುವಾಗ ಸತ್ತವರು ಇನ್ನೇನು ನಮ್ಮನ್ನು ಬಿಟ್ಟು ನೀರಿಗಿಳಿಯುವುದರಲ್ಲಿದ್ದರು. ಸಂಜೆ ಗೌಡರು ನನ್ನನ್ನು ಕೂರಿಸಿಕೊಂಡು ವಿಚಾರಣೆ ಮಾಡಿದರು.

“ನಿಮ್ಮನ್ನ ಯಾರ ಜೊತೆ ನಿಲ್ಸಿದ್ದ್?”

ಅಂಗಡಿಯವರ ಮಗನ ಜೊತೆ ಎಂದೆ.

“ಗೇಣು ವ್ಯತ್ಯಾಸ ಉಟ್ಟು,” ಎಂದರು. ಆಮೇಲೆ, “ಬೇಗ ಹೆರಿಗೆ ಆಗ್ಲಿ ಮಾಷ್ಟ್ರೆ. ನಂಗೆ ಎಂತದೋ ಸಮ ಬರ್ತಿಲ್ಲೆ,” ಎಂದರು. ಸರಿಬರುತ್ತಿಲ್ಲ ಎಂದರೆ ಹೊತ್ತಿಗೆ ಸರಿಯಾಗಿ ಹೋಗದೆ ಕೂತ ಕಾಲುಗಳ ದೂರು ಎಂದುಕೊಂಡೆ.

ಆಟಿ ತಿಂಗಳ ನಾಟಿ ಶುರುವಾಗಿತ್ತು. ಮಳೆಗಾಲದ ರಜೆಯಾದ್ದರಿಂದ ನಾನೂ ಗೌಡರ ಗದ್ದೆಯ ಬದುವಿನ ಮೇಲೆ ಕೊಡೆ ಹಿಡಿದು ನಿಂತು, ಕೃಷಿಗೆ ನನ್ನಿಂದಾದ ಸಹಾಯ ಮಾಡುತ್ತಿದ್ದೆ. ಅಂದು ಬೆಳಿಗ್ಗೆ ಮಳೆ ಹೊಳವಾಗಿತ್ತು. ಬಯಲಿನ ಉದ್ದಕ್ಕೂ ಬೇರೆ ಬೇರೆಯವರ ಗದ್ದೆಗಳಲ್ಲಿ ಐವತ್ತು ಅರವತ್ತು ಜನ ಬಗ್ಗಿ ನೆಡುತ್ತಿದ್ದರು. ಆಗ ಎದುರಿನ ಗುಡ್ಡದ ಓರೆಯಿಂದ ಈಡು ಕೇಳಿತು.

ಬಗ್ಗಿದ್ದವರೆಲ್ಲ ಒಟ್ಟಿಗೆ ಎದ್ದು ನಿಂತರು. ಆ ದಿಕ್ಕಿನಲ್ಲಿ ದಿನ ತುಂಬಿದವಳು ಯಾರೆಂದು ಇಡೀ ಬಯಲಿಗೆ ಗೊತ್ತಿತ್ತು. ಗೌಡರು ಕೈಯಲ್ಲಿ ನೆಡುವ ಅಗೆಯ ಕಟ್ಟು ಹಿಡಿದು ಕಣ್ಣು ಮುಚ್ಚಿಕೊಂಡಿದ್ದರು. ಈಡಿನ ಸದ್ದು ನಮ್ಮ ಹಿಂದಿನ ಗುಡ್ಡಕ್ಕೆ ಬಡಿದು ಕರಗಿತು. ನೀರು ಬದು ದಾಟಿ ಬೀಳುವ ಸದ್ದು ಮಾತ್ರ ಉಳಿಯಿತು. ಎರಡನೆಯದು ಬರಬೇಕಾದ ಹೊತ್ತು ಬಂತು, ನಿಂತಿತು, ದಾಟಿಹೋಯಿತು. ಇನ್ನೂ ಅಷ್ಟೇ ಹೊತ್ತು ಕಾದೆವು.

“ಗಂಡು,” ಎಂದರು ಗೌಡರು, ಮೆಲ್ಲಗೆ.

ಬಯಲೆಲ್ಲ ನಗೆಯೆದ್ದಿತು. ಆಚೆ ಗದ್ದೆಯ ಹೆಂಗಸೊಬ್ಬಳು, ಅಜ್ಜನಾದ ಖುಷಿಗೆ ಇವತ್ತು ಎಲ್ಲರಿಗೂ ಕೋಳಿ ಕೊಯ್ಯಬೇಕೆಂದು ಕೂಗಿದಳು. ಗೌಡರ ಹೆಂಡತಿ ಬದುವಿನ ಮೇಲೆ ಕೂತು ಸೆರಗು ಬಾಯಿಗಿಟ್ಟುಕೊಂಡು ಅತ್ತರು. ಆಮೇಲೆ, ನೀವು ಈಗ ಹೋಗಿ, ಈಗ ಯಾರೂ ಬೇಡ ಎನ್ನುವುದಿಲ್ಲ, ಬಾಣಂತಿಗೆ ಬೇಕಾದ್ದೆಲ್ಲ ಕಟ್ಟಿಕೊಂಡು ನಾನು ಹಿಂದಿನಿಂದ ಬರುತ್ತೇನೆ ಎಂದರು. ಗೌಡರು ಕೆಸರು ತೊಳೆದು, ಮದುವೆಯ ದಿನ ಹಾಕಿದ್ದ ಬಿಳಿ ಅಂಗಿ ತೊಟ್ಟು, ಬೆಲ್ಲದ ಅಚ್ಚು ಕಂಕುಳಲ್ಲಿಟ್ಟುಕೊಂಡರು. ಬಾಳೆಗೊನೆಯ ಎರಡು ಚಿಪ್ಪು ನನ್ನ ಕೈಗೆ ಕೊಟ್ಟರು.

“ಖುಷಿ ಮನೆಗೆ ಹೋದ್ರೆ ಎಂತ ಮಾಡ್ಬೇಕು ಅಂತ ನಂಗೆ ಗೊತ್ತಿಲ್ಲೆ ಮಾಷ್ಟ್ರೆ. ನೀವೂ ಬನ್ನಿ.”

ಆ ದಾರಿಯಲ್ಲಿ ಏಳು ಮನೆ. ಪ್ರತಿ ಉಣುಗೋಲಿನ ಹತ್ತಿರವೂ ನಿಂತು, “ಮಗ್ಳಿಗೆ ಗಂಡು! ಬನ್ನಿ!” ಎಂದು ಕೂಗಿದರು. ಅವರನ್ನು ಕಂಡು ಬೆಚ್ಚಿ ಹೊರಬಂದವರು ಮಾತು ಕೇಳಿ ನಕ್ಕರು. ಒಂದು ಮನೆಯ ಮುದುಕಿಯಂತೂ, “ಇಪ್ಪತ್ತು ವರ್ಷದಲ್ಲಿ ಇವ ತಂದ ಒಳ್ಳೇ ಸುದ್ದಿ ಇದೊಂದೇ, ಅದೂ ಅವಂದೇ,” ಎಂದು ಹಂಗಿಸಿದಳು. ಗೌಡರು ಅದಕ್ಕೂ ನಕ್ಕರು. ಹೊಳೆಯ ಸಂಕ ದಾಟುವಾಗ ಮಗುವಿಗೆ ಯಾವ ಹೆಸರು ಒಳ್ಳೆಯದು, ಶಾಲೆಗೆ ಎಷ್ಟು ವರ್ಷಕ್ಕೆ ಸೇರಿಸಿಕೊಳ್ಳುತ್ತೀರಿ ಎಂದೆಲ್ಲ ಕೇಳಿದರು. ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಮಗಳ ಮನೆಯ ಉಣುಗೋಲಿಗೆ ಬಂದಾಗ ಒಳಗಿಂದ ಮಗುವಿನ ಅಳು ಕೇಳಿತು. “ಕೇಳಿ, ಮೊಮ್ಮಗನ ಗಂಟಲು!” ಎಂದು ನಾನು ಮುಂದಾದೆ. ಗೌಡರು ನಿಂತುಬಿಟ್ಟಿದ್ದರು. ಅವರು ನೋಡುತ್ತಿದ್ದುದು ಮಾಡನ್ನು. ಅಲ್ಲಿ ನನಗೆ ಹೆಂಚಲ್ಲದೆ ಬೇರೇನೂ ಕಾಣಲಿಲ್ಲ.

“ಹೊಗೆ ಇಲ್ಲೆ,” ಎಂದರು. “ಹೆರಿಗೆ ಮನೇಲಿ ಬಿಸಿನೀರು ಕಾಯ್ತಾ ಇರ್ಬೇಕು. ಒಲೆ ಆರ್ಸಿದ್ದಾರೆ ಮಾಷ್ಟ್ರೆ.”

ಬೆಲ್ಲದ ಅಚ್ಚನ್ನು ಉಣುಗೋಲಿನ ಕಂಬದ ಮೇಲಿಟ್ಟು ಒಳಗೆ ಹೋದರು.

ಜಗಲಿಯಲ್ಲಿ ಅಳಿಯ ಗೋಡೆಗೆ ಮುಖ ಮಾಡಿ ಕೂತಿದ್ದ. ಅಳಿಯನ ದೊಡ್ಡಪ್ಪ, ಎಪ್ಪತ್ತು ದಾಟಿದವರು, ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಸೂಲಗಿತ್ತಿ ಬಾಗಿಲಿಗೆ ಬಂದು, ಮಗು ಚೆನ್ನಾಗಿ ಬಂತು, ಆಮೇಲೆ ರಕ್ತ ನಿಲ್ಲಲಿಲ್ಲ ಎಂದಳು. ಗೌಡರು ಅವಳ ಮಾತು ಮುಗಿಯುವ ತನಕ ನಿಂತು ಕೇಳಿದರು. ಆಮೇಲೆ ದೊಡ್ಡಪ್ಪನ ಕಡೆ ತಿರುಗಿ, “ಎರಡ್ನೇದ್?” ಎಂದು ಕೇಳಿದರು.

“ಹತ್ತಿಲ್ಲೆ,” ಎಂದರು ದೊಡ್ಡಪ್ಪ. “ಥಂಡಿ ಹಿಡಿದಿತ್ತ್. ಮನೇಲಿ ಇದ್ದದ್ದೇ ಎರಡ್ ತೋಟೆ.”

ಮಳೆಗಾಲದಲ್ಲಿ ಮದ್ದು ತುಂಬಿದ ತೋಟೆಗಳನ್ನು ಒಲೆಯ ಮೇಲಿನ ಅಟ್ಟದಲ್ಲಿಡುವುದು ರೂಢಿ. ಬಾಣಂತಿಗಾಗಿ ಅಟ್ಟ ಖಾಲಿಮಾಡಿ ಬೆರಣಿ, ಸೌದೆ ತುಂಬುವಾಗ ಅವು ಕೆಳಗಿನ ಪೆಟ್ಟಿಗೆಗೆ ಬಂದಿದ್ದವು. ಒಂದಾದರೂ ಹಾರಿತಲ್ಲ, ಜನ ಬರುತ್ತಾರೆ ಎಂದು ಮನೆಯವರು ಕಾದರು. ತಾವು ಊರಿಗೆ ಏನು ಹೇಳಿಬಿಟ್ಟೆವು ಎಂಬುದು ಆ ದುಃಖದಲ್ಲಿ ಯಾರಿಗೂ ಹೊಳೆದಿರಲಿಲ್ಲ. ಊರೆಲ್ಲ ಆ ಹೊತ್ತಿಗೆ ನಗುತ್ತಾ ನಾಟಿಯ ಉಳಿದ ಸಾಲು ಮುಗಿಸುತ್ತಿತ್ತು.

ಅತ್ತೆ ಒಳಗಿಂದ ಬಂದು ಗೌಡರ ಎರಡೂ ಕೈ ಹಿಡಿದುಕೊಂಡರು. ಆ ಮನೆಗೆ ಬರಬೇಡಿ ಎಂದವರು ಅವರೇ. “ಕೋವಿ ಹಾರ್ಸಿ ಎಷ್ಟ್ ಹೊತ್ತಾತ್ ಬೀಗ್ರೆ,” ಎಂದರು. “ಯಾರೂ ಬರ್ಲಿಲ್ಲೆ. ಒಬ್ರೂ ಬರ್ಲಿಲ್ಲೆ.”

“ನಾ ಬಂದೆನಲ್ಲ,” ಎಂದರು ಗೌಡರು.

ಅವರು ಮಗಳಿದ್ದ ಕೋಣೆಗೆ ಹೋಗಿ ಎಷ್ಟು ಹೊತ್ತು ಇದ್ದರೆಂದು ನನಗೆ ಗೊತ್ತಿಲ್ಲ. ನಾನು ಅಂಗಳದಲ್ಲಿ ಬಾಳೆಹಣ್ಣು ಹಿಡಿದು ನಿಂತಿದ್ದೆ. ಹೊರಗೆ ಬಂದಾಗ ಅಂಗಿಯ ತೋಳು ಮಡಚಿತ್ತು. ಮುಖ ಸಾವಿನ ಮನೆಗಳಲ್ಲಿ ನಾನು ಕಂಡಿದ್ದ ಅದೇ ಮುಖ.

“ಏಳು ಮನೆಗೆ ತಪ್ಪು ಹೇಳಿ ಬಂದೆ ಮಾಷ್ಟ್ರೆ. ಹೋಗಿ ತಿದ್ದಿ ಬನ್ನಿ. ತಿದ್ದೂದು ನಿಮ್ಮ ಕೆಲ್ಸ,” ಎಂದರು. ನಾನು ಉಣುಗೋಲು ದಾಟುವಾಗ ಹಿಂದಿನಿಂದ ಇನ್ನೊಂದು ಮಾತು ಬಂತು. “ನನ್ನ ಹೆಂಡ್ತಿಗೆ ಹೇಳುವಾಗ ಮೊದ್ಲು ಕೂರ್ಸಿ.”

ದಾರಿಯಲ್ಲಿ ಜನ ಆಗಲೇ ಹೊರಟಿದ್ದರು. ಬೆಲ್ಲ, ತೆಂಗಿನಕಾಯಿ, ಒಬ್ಬರ ಕೈಯಲ್ಲಿ ಕಾಲು ಕಟ್ಟಿದ ಕೋಳಿ. ಹಂಗಿಸಿದ್ದ ಮುದುಕಿ ಎಲ್ಲರಿಗಿಂತ ಮುಂದಿದ್ದಳು; ಮಗು ಯಾರ ಹಾಗಿದೆ ಎಂದು ದೂರದಿಂದಲೇ ಕೇಳಿದಳು. ನಾನು ಮಕ್ಕಳಿಗೆ ವ್ಯಾಕರಣ ಹೇಳಿಕೊಡುವವನು. ಆ ಹೊತ್ತಿಗೆ ಒಂದು ವಾಕ್ಯಕ್ಕೆ ಕರ್ತೃ, ಕ್ರಿಯಾಪದ ಕೂಡಿಬರಲಿಲ್ಲ. “ಎರಡು ಈಡು ಅಜ್ಜಿ,” ಎಂದೆ. “ಎರಡು. ನಮಗೆ ಕೇಳಿದ್ದು ಒಂದು.” ಅವಳು ಬೆಲ್ಲವನ್ನು ದಾರಿಯ ಬದಿಯ ಕಲ್ಲಿನ ಮೇಲಿಟ್ಟು, ಓಡುನಡಿಗೆಯಲ್ಲಿ ಹೊರಟಳು. ಉಳಿದವರೂ ಹಾಗೆಯೇ ಮಾಡಿದರು.

ಗೌಡರ ಹೆಂಡತಿ ಸಂಕದ ಈಚೆ ಸಿಕ್ಕಿದರು. ತಲೆಯ ಮೇಲೆ ಬುಟ್ಟಿ. ಅದರಲ್ಲಿ ಮೆತ್ತನೆಯ ಹಳೆ ಸೀರೆಯ ತುಂಡುಗಳು, ಕಾಳುಮೆಣಸು, ಎಣ್ಣೆ. ಕೂತುಕೊಳ್ಳಿ ಅಮ್ಮ ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದಿದ್ದೆ. ಆಕೆ ನನ್ನ ಮುಖ ನೋಡಲಿಲ್ಲ. ನನ್ನ ಕೈಯಲ್ಲಿ ಇನ್ನೂ ಹಾಗೇ ಇದ್ದ ಬಾಳೆಹಣ್ಣಿನ ಚಿಪ್ಪುಗಳನ್ನು ನೋಡಿದರು. ಬುಟ್ಟಿ ಇಳಿಸಿ, ತಾವಾಗಿಯೇ ಕೂತರು.

ಹೊತ್ತು ಮುಳುಗುವುದರೊಳಗೆ ಊರೆಲ್ಲ ಆ ಅಂಗಳದಲ್ಲಿತ್ತು. ಕೆಲಸವನ್ನೆಲ್ಲ ಗೌಡರೇ ನಡೆಸಿದರು. ಬೇರೆಯವರು ಮುಂದೆ ಬಂದರೆ, ನಿಮಗೆ ಗೊತ್ತಾಗುವುದಿಲ್ಲ ಎಂದು ಬದಿಗೆ ಸರಿಸಿದರು. ಮುಂದಿನ ತಿಂಗಳು ಲೈನಿನಲ್ಲಿ ಒಬ್ಬ ಮುದುಕ ತೀರಿಕೊಂಡಾಗ ಸಾಮಾನು ಕೇಳಿಕೊಂಡು ಶಾಲೆಗೆ ಬಂದರು, ಹೊತ್ತುಕೊಂಡು ಹೋದರು. ಆ ವರ್ಷವೇ ನಮ್ಮ ಊರಿನ ಹಿರಿಯರನ್ನೆಲ್ಲ ಸೇರಿಸಿ, ಇನ್ನು ಮುಂದೆ ಈಡು ಒಂದಿರಲಿ ಎರಡಿರಲಿ, ಅದರ ಜೊತೆಗೆ ಹತ್ತಿರದ ಮನೆಗೆ ಒಬ್ಬ ಮನುಷ್ಯನೂ ಓಡಬೇಕೆಂದು ಗೊತ್ತುಮಾಡಿಸಿದರು.

ಮಗು ಹೆಣ್ಣು. ಬದುಕಿತು. ಗೌಡರ ಮನೆಯಲ್ಲೇ ಬೆಳೆದು, ನನ್ನ ಶಾಲೆಯಲ್ಲಿ ನಾಲ್ಕನೆಯ ತರಗತಿಯ ತನಕ ಓದಿತು.